ಮಲಕಪ್ಪನ ಓರೆ ಬಿದಿರು

ಗೌಂಡಿ ಮಲಕಪ್ಪನಿಗೆ ಕೂತಲ್ಲಿ ಕೂಡಲಾಗದ ರೋಗ ಹತ್ತಿ ಆಗಲೇ ಎಂಟು ತಿಂಗಳಾಗಿತ್ತು. ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದ. ಸಂತೆಗೆ ಹೋದವನು ಕೊಳ್ಳುವುದನ್ನು ಮರೆತು ಕಾಳಿ ಹೊಳೆಯ ದಂಡೆಯವರೆಗೂ ನಡೆದು ಬರಿಗೈಯಲ್ಲಿ ಮನೆಗೆ ಬರುತ್ತಿದ್ದ. ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದು, ಕಾಗದದ ಗಿರಣಿಯ ಕೆಲಸಗಾರರ ಮನೆಗಳಿಗೆ ಗೋಡೆ ಎಬ್ಬಿಸಿ ಹೆಸರು ಮಾಡಿದವನು ಅವನು. ಅವನ ಗೋಡೆಗೆ ತೂಗುಗುಂಡು ಹಿಡಿದು ನೋಡುವ ಧೈರ್ಯ ಯಾವ ಮೇಸ್ತ್ರಿಗೂ ಇರಲಿಲ್ಲ. ಅಂಥವನು ಈಗ ಸುಣ್ಣ ಬಳಿಯುವ ಕೆಲಸ ಹಿಡಿದಿದ್ದ. ಗೋಡೆ ಕಟ್ಟಲು ಕರೆದರೆ ಮುಖ ತಿರುಗಿಸುತ್ತಿದ್ದ.

ಕಾರಣ ಓಣಿಗೆಲ್ಲ ಗೊತ್ತಿತ್ತು. 1961ರಲ್ಲಿ ಹಳಿಯಾಳ ರಸ್ತೆಯ ಒಂದು ಗೋದಾಮಿನ ಗೋಡೆಗೆ ಅವನು ಕಟ್ಟಿ ನಿಲ್ಲಿಸಿದ್ದ ಬಿದಿರಿನ ಸಾರುವೆ ಮಗ್ಗುಲಿಗೆ ವಾಲಿ ಕುಸಿಯಿತು. ಮೇಲೆ ನಿಂತಿದ್ದ ಸೋಮಪ್ಪ ಸತ್ತ. ಹತ್ತು ವರ್ಷದಿಂದ ಮಲಕಪ್ಪನ ಜೋಡಿಯಾಗಿ ದುಡಿದವನು. ಓಣಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಸಾರುವೆಗೆ ಆಸರೆಯಾಗಿ ಮೂಲೆಯಿಂದ ಮೂಲೆಗೆ ಕಟ್ಟಿದ್ದ ಓರೆ ಬಿದಿರನ್ನು ಅಂದು ಬೆಳಿಗ್ಗೆ ಮಲಕಪ್ಪನೇ ಬಿಚ್ಚಿದ್ದ. ಗಾರೆಯ ಬುಟ್ಟಿ ಮೇಲೇರುವಾಗ ಪ್ರತಿ ಸಲ ಅದಕ್ಕೆ ಬಡಿಯುತ್ತಿತ್ತು, ಕೆಲಸ ಸಾಗುತ್ತಿರಲಿಲ್ಲ. ಸಂಜೆ ಮತ್ತೆ ಕಟ್ಟಿದರಾಯಿತು ಅಂದುಕೊಂಡಿದ್ದ.

ನೆಲ ಹಸಿ ಇತ್ತು, ಹಗ್ಗ ಹಳೆಯದಿತ್ತು, ಸೋಮಪ್ಪನ ಆಯುಷ್ಯ ಅಷ್ಟೇ ಇತ್ತು ಎಂದು ಬಂದವರೆಲ್ಲ ಸಮಾಧಾನ ಹೇಳಿ ಹೋದರು. ಹೇಳುವವರ ಗಂಟೇನು ಹೋಗುತ್ತದೆ! ಆ ಓರೆ ಬಿದಿರು ಇದ್ದಿದ್ದರೆ ಸೋಮಪ್ಪ ಉಳಿಯುತ್ತಿದ್ದನೋ ಇಲ್ಲವೋ, ಇದೊಂದೇ ಪ್ರಶ್ನೆ ಮಲಕಪ್ಪನನ್ನು ಒಳಗೊಳಗೇ ಹುರಿಯುತ್ತಿತ್ತು.

ಒಬ್ಬ ಅಧಿಕಾರಿಯ ಬಂಗಲೆಗೆ ಸುಣ್ಣ ಬಳಿಯುವಾಗ ಅಟ್ಟದ ಸಾಮಾನಿನಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಅದರ ತುಂಬ ಪರದೇಶದ ಪ್ಲಾಸ್ಟಿಕ್ ಇಟ್ಟಿಗೆಗಳು, ಮಕ್ಕಳ ಆಟಿಕೆ. ಪ್ರತಿ ಇಟ್ಟಿಗೆಯ ಮೇಲೆ ಗುಂಡಿಯಂತೆ ಉಬ್ಬಿದ ಗುಬುಟುಗಳು, ಕೆಳಗೆ ಅವು ಕೂಡುವ ತೂತುಗಳು. ಒತ್ತಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು. ಮಲಕಪ್ಪ ಕುಂಚ ಕೆಳಗಿಟ್ಟು ಅಲ್ಲೇ ಕುಕ್ಕರಿಸಿದ.

ಮನೆಯೊಡತಿ ನೋಡಿ ನಕ್ಕಳು. "ನಮ್ಮ ಮಗಳು ದೊಡ್ಡಾಕಿ ಆದ್ಲು, ಅದನ್ನ ಮುಟ್ಟೋದs ಇಲ್ಲ. ನಿಮ್ಮನ್ಯಾಗ ಸಣ್ಣ ಹುಡುಗ್ರು ಅದಾರೇನು? ಒಯ್ಯಿರಿ."

"ಹುಡುಗ್ರಿಲ್ರೀ ಅಕ್ಕಾರ, ನನಗ ಬೇಕಾಗೇತ್ರಿ," ಅಂದ ಮಲಕಪ್ಪ. ಆಕೆ ಏನು ತಿಳಿದುಕೊಂಡಳೋ, ಡಬ್ಬಿಯನ್ನಂತೂ ಕೊಟ್ಟಳು.

"ತಲಿ ನೆರತು ಹಣ್ಣಾಗೇತಿ, ಈಗ ಆಟಾ ಆಡ್ತೀರೇನ್ರಿ?" ಎಂದು ಹೆಂಡತಿ ಕೆಂಚವ್ವ ಮೂಗು ಮುರಿದಳು. ಬಿದ್ದ ಸಾರುವೆಯನ್ನೇ ಗೇಣೆತ್ತರಕ್ಕೆ ಕಟ್ಟಿ ನೋಡಬೇಕಿತ್ತು ಅವನಿಗೆ.

ಗೌಂಡಿಯ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ನಾಲ್ಕು ಕಂಬ ಎಬ್ಬಿಸಿದ. ಮೇಲೆ ದಾರದ ರೀಲನ್ನು ಗಾಲಿಯಾಗಿ ಕೂಡಿಸಿ, ಹುರಿಗೆ ಗಾರೆಯ ಬುಟ್ಟಿಯ ಬದಲು ಬಾಟಲಿಯ ಮುಚ್ಚಳ ಕಟ್ಟಿ, ಅದರಲ್ಲಿ ಹರಳು ತುಂಬಿ ಜಗ್ಗಿದ. ಕಂಬಗಳು ನಡುವಿನಲ್ಲೇ ಕಿತ್ತು ಬಂದವು. ಕಂಬ ದಪ್ಪ ಮಾಡಿದ, ಮತ್ತೆ ಕಿತ್ತವು. ಗೋಡೆ ನಿಲ್ಲುವುದು ತನ್ನ ಭಾರದಿಂದ, ಈ ಹಗುರ ಆಟಿಕೆಗೆ ಎಲ್ಲಿಂದ ಬರಬೇಕು ಭಾರ? ಸಿಟ್ಟಿಗೆ ಎಲ್ಲವನ್ನೂ ಕಾಲಿನಿಂದ ಒದ್ದ, ಮತ್ತೆ ತಾನೇ ಮೂಲೆ ಮೂಲೆ ಹುಡುಕಿ ಆರಿಸಿದ.

ಆರಿಸುವಾಗಲೇ ತಲೆಗೆ ಹೊಳೆಯಿತು. ಚೌಕಟ್ಟನ್ನು ನಿಲ್ಲಿಸಿ ಕಟ್ಟಬಾರದು, ಬಡಿಗನು ಬಾಗಿಲು ಮಾಡುವಂತೆ ನೆಲದ ಮೇಲೆ ಮಲಗಿಸಿ ಕಟ್ಟಬೇಕು. ಎರಡು ಪದರ, ಒಂದರ ಸಂದಿನ ಮೇಲೆ ಇನ್ನೊಂದರ ಸಂದು ಬೀಳಬಾರದು. ಹಾಗೆ ಕಟ್ಟಿ ಎತ್ತಿ ನಿಲ್ಲಿಸಿದಾಗ ಗುಬುಟುಗಳೆಲ್ಲ ಮಗ್ಗುಲಿಗೆ ಮುಖ ಮಾಡಿದವು. ಈಗ ಎಷ್ಟು ಜಗ್ಗಿದರೂ ಕಂಬ ಕಿತ್ತುಬರಲಿಲ್ಲ. ಆದರೆ ಮುಚ್ಚಳ ಒಂದಿಷ್ಟು ತೂಗಾಡಿದ್ದೇ ತಡ, ಮೂಲೆಗಳು ತಿರುಗಿ ಇಡೀ ಚೌಕಟ್ಟು ಓರೆಯಾಗಿ ಮಲಗಿಬಿಟ್ಟಿತು. ಸೋಮಪ್ಪನ ಸಾರುವೆ ಬಿದ್ದದ್ದು ಹೀಗೆಯೇ.

ಬಿದಿರಿನ ಒಂದು ಸೀಳಿಗೆ ಎರಡು ತೂತು ಕೊರೆದು, ಮೂಲೆಯಿಂದ ಮೂಲೆಗೆ ಗುಬುಟುಗಳಿಗೆ ಸಿಕ್ಕಿಸಿದ. ಹುರಿ ಜಗ್ಗಿದ, ಮುಚ್ಚಳವನ್ನು ಬೇಕೆಂದೇ ತೂಗಾಡಿಸಿದ. ನಿಂತಿತು. ಅಂಗಳದ ಹಸಿ ಮಣ್ಣಿನಲ್ಲಿಟ್ಟು ಜಗ್ಗಿದ, ಸವೆದ ಹಳೆ ಹುರಿ ಹಾಕಿ ಜಗ್ಗಿದ. ನಿಂತಿತು. ಸೀಳು ತೆಗೆದು ಒಣ ನೆಲದ ಮೇಲೆ, ಹೊಸ ಹುರಿಯಿಂದ ಜಗ್ಗಿದ. ಬಿತ್ತು. ನೆಲದ ತಪ್ಪೂ ಅಲ್ಲ, ಹಗ್ಗದ ತಪ್ಪೂ ಅಲ್ಲ. ಗೊತ್ತಾದರೆ ಹಗುರಾಗುತ್ತದೆ ಅಂದುಕೊಂಡಿದ್ದ, ಪಾಪ. ಎದೆಯ ಮೇಲೆ ಬೀಸುಕಲ್ಲು ಇಟ್ಟಂತಾಯಿತು.

ಮರುದಿನವೇ ಡಬ್ಬಿ ಹೆಗಲಿಗೇರಿಸಿಕೊಂಡು ಕೋಗಿಲಬನಕ್ಕೆ, ಸೋಮಪ್ಪನ ಹೆಂಡತಿ ಹೊಳೆವ್ವನ ಮನೆಗೆ ನಡೆದ. ಕಟ್ಟೆಯ ಮೇಲೆ ಸಾರುವೆಯನ್ನು ನಿಲ್ಲಿಸಿ, ಒಂದು ಮಾತೂ ಬಚ್ಚಿಡದೆ ಎಲ್ಲ ಹೇಳಿದ. ಆಕೆ ಅಳಲಿಲ್ಲ. ಸೀಳನ್ನು ತಾನೇ ತೆಗೆದು ಹುರಿ ಜಗ್ಗಿದಳು, ಬಿತ್ತು. ಸಿಕ್ಕಿಸಿ ಜಗ್ಗಿದಳು, ನಿಂತಿತು. ಹೀಗೆ ಐದಾರು ಸಲ.

"ಇಷ್ಟs? ಇದೊಂದು ಬಿದರು?"

"ಇಷ್ಟs, ತಂಗಿ."

"ನೀನs ಬಿಚ್ಚಿದ್ದಿ?"

"ನಾನs."

ಹೊಳೆವ್ವ ಆ ಸೀಳನ್ನು ಕಿತ್ತು ಅವನ ಮುಂದಿಟ್ಟಳು. ಆಮೇಲೆ ಅಂದಳು: "ಹಣೆಬರಾ ಹಣೆಬರಾ ಅಂತ ಎಲ್ಲಾರೂ ನನ್ನ ಬಾಯಿ ಮುಚ್ಚಿಸಿದ್ರು. ನೀ ಒಬ್ಬ ಖರೇ ಹೇಳಿದಿ. ಹಂಗಂತ ನಿನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋತೇನಿ ಅನ್ಕೋಬ್ಯಾಡ. ಎಲ್ಲೆಲ್ಲಿ ಸಾರವಿ ಕಟ್ತಾರೋ ಅಲ್ಲೆಲ್ಲಾ ಹೋಗಿ ಇದನ್ನ ತೋರಿಸು. ತೋರಿಸಿ, ಬಂದು ನನಗ ಹೇಳು."

ಮೊದಲೇ ನಿಲ್ಲದ ಕಾಲು, ಅದಕ್ಕೀಗ ದಾರಿಯೂ ಸಿಕ್ಕಿತು. ಹಳಿಯಾಳ, ಜೋಯಿಡಾ, ಮುಂಡಗೋಡ, ಎಲ್ಲಿ ಗೋಡೆ ಏಳುತ್ತದೆಂದು ಕೇಳಿದರೂ ಮಲಕಪ್ಪ ಡಬ್ಬಿ ಹೊತ್ತು ಹೋಗುತ್ತಿದ್ದ. ಗೌಂಡಿಗಳು ಮೊದಲು ನಗುತ್ತಿದ್ದರು. ಮುದುಕನ ತಲೆ ತಿರುಗಿದೆ ಅನ್ನುತ್ತಿದ್ದರು. ಹುರಿ ಅವರ ಕೈಗೇ ಕೊಟ್ಟು ಜಗ್ಗಿಸಿದ ಮೇಲೆ ನಗು ನಿಲ್ಲುತ್ತಿತ್ತು. ಬುಟ್ಟಿ ಬಡಿಯುತ್ತದೆ ಎಂಬ ತಕರಾರು ಎಲ್ಲ ಕಡೆಯೂ ಬಂತು. ಅದಕ್ಕವನು ಬುಟ್ಟಿ ಎಳೆಯುವ ಗಾಲಿಯನ್ನು ಒಂದು ಮೊಳ ಹೊರಗೆ ಚಾಚಿ ಕಟ್ಟುವ ಉಪಾಯವನ್ನೂ ಅದೇ ಆಟಿಕೆಯಲ್ಲಿ ಕಟ್ಟಿ ತೋರಿಸಿದ. ಇಷ್ಟು ಸರಳ ಸಂಗತಿ ಅಂದೇಕೆ ಹೊಳೆಯಲಿಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಳ್ಳುತ್ತಿದ್ದ.

1967ರ ಒಂದು ಮಧ್ಯಾಹ್ನ ಹಳಿಯಾಳದಲ್ಲಿ ಶಾಲೆಯೊಂದರ ಗೋಡೆ ಏಳುತ್ತಿದ್ದಾಗ ಬಿರುಗಾಳಿ ಬೀಸಿತು. ಮಲಕಪ್ಪ ತೋರಿಸಿಕೊಟ್ಟಂತೆ ಓರೆ ಬಿದಿರು ಕಟ್ಟಿದ್ದ ಸಾರುವೆ ಕಿರುಗುಟ್ಟಿ ಓಲಾಡಿತು, ಬೀಳಲಿಲ್ಲ. ಮೇಲಿದ್ದ ಏಳು ಜನ ಒಬ್ಬೊಬ್ಬರಾಗಿ ಇಳಿದು, ಗಾಳಿ ನಿಂತ ಮೇಲೆ ಮತ್ತೆ ಹತ್ತಿದರು. ಸುದ್ದಿ ಕೇಳಿದ ಮಲಕಪ್ಪ ಹಳಿಯಾಳಕ್ಕೆ ಹೋಗಿ ಅವರನ್ನು ಮಾತಾಡಿಸಿ, ಅಲ್ಲಿಂದ ಕೋಗಿಲಬನಕ್ಕೆ ಧಾವಿಸಿದ.

"ಏಳು ಮಂದಿ, ಹೊಳೆವ್ವ! ಏಳೂ ಮಂದಿ ಉಳದ್ರು!"

"ಅವರಿಗೆ ಗೊತ್ತೈತೇನು, ಉಳದೇವಿ ಅಂತ?"

"ಇಲ್ಲವ್ವಾ. ಗಾಳಿ ಬಂತು, ಹೋತು ಅಂದ್ರು, ಅಷ್ಟs."

"ಅವರೂ ಸಂಜೀಕ ಮನಿಗೆ ಹೋಗಿ ಸಾರಿಗೆ ಉಪ್ಪಿಲ್ಲಂತ ಹೆಂಡ್ರ ಜೋಡಿ ಜಗಳಾ ಆಡ್ತಾರ," ಅಂದಳು ಹೊಳೆವ್ವ. "ನಮ್ಮಾಂವನೂ ಆಡ್ತಿದ್ದ." ಆರು ವರ್ಷದಲ್ಲಿ ಮೊದಲ ಸಲ ಅವನೆದುರು ಸೆರಗು ಬಾಯಿಗೊತ್ತಿ ಗಳಗಳ ಅತ್ತಳು.

ಇಂಥದೊಂದು ದಿನ ಬಂದರೆ ಜೀವಕ್ಕೆ ನೆಮ್ಮದಿ ಎಂದು ಮಲಕಪ್ಪ ಕಾದಿದ್ದ. ಏಳು ಜನ ಉಳಿದದ್ದು ನಿಜ, ಸೋಮಪ್ಪ ಇಲ್ಲದ್ದೂ ಅಷ್ಟೇ ನಿಜ. ಒಂದರಿಂದ ಇನ್ನೊಂದನ್ನು ಕಳೆಯಲು ಬರುವುದಿಲ್ಲ ಎಂದು ಆ ಕಟ್ಟೆಯ ಮುಂದೆ ಅವನಿಗೆ ತಿಳಿಯಿತು. ಮುಂಡಗೋಡ ತಾಲೂಕಿನ ಇಂದೂರಿನಲ್ಲಿ ಹೊಸ ಮನೆಯೊಂದಕ್ಕೆ ಪಾಯ ತೆಗೆದಿದ್ದರು. ಮರುದಿನ ಬೆಳಿಗ್ಗೆ ಅವನು ಡಬ್ಬಿ ಹೊತ್ತು ಅಲ್ಲಿಗೆ ಹೊರಟ.