ಎತ್ತಿನ ಮುಖದ ಜಾಗ

ಬೆಳಗಾವಿಗೆ ಕೆಲಸಕ್ಕೆ ಬಂದ ಮೇಲೆ ಇವತ್ತೇ ಮೊದಲ ಸಲ ವಾಟರ್ ಕಲರ್ ಡಬ್ಬಿ ಕೊಂಡೆ. ಮುಚ್ಚಳ ತೆಗೆದಾಗ ಬಂದ ವಾಸನೆ ನನ್ನನ್ನು ಖಾನಾಪುರದ ನಮ್ಮ ಗದ್ದೆಯ ಬದುವಿಗೆ ಒಯ್ದು ಕೂರಿಸಿತು.

ನಾನಾಗ ಶಾಲೆಯ ಹುಡುಗ; ಉಳುಮೆಗೆಂದು ಮನೆಗೆ ಟ್ರ್ಯಾಕ್ಟರ್ ಬಂದಿತ್ತು. ನಮ್ಮ ಬಿಳಿ ಎತ್ತು ಅಂದು ಕಣಕುಂಬಿಯ ಅತ್ತೆಯ ಮನೆಗೆ ಹೋಗುವುದಿತ್ತು. ಅದರ ಚಿತ್ರ ಬೇಕೆಂದು ಅಜ್ಜನೇ ಕೇಳಿದ್ದ. ಎತ್ತನ್ನು ಹೊಳೆಯಲ್ಲಿ ತೊಳೆದು ತಂದು, ಅದರ ಕೊರಳ ಕೆಳಗಿನ ಗಂಗೆದೊಗಲು ತುರಿಸುತ್ತ, ಹಗ್ಗ ಹಿಡಿದು ನನ್ನ ಮುಂದೆ ನಿಂತಿದ್ದ. ನಾನೋ ಶಾಲೆಯಲ್ಲಿ ಕಲಿಸಿದಂತೆ ಎರಡು ಗುಡ್ಡ, ನಡುವೆ ಸೂರ್ಯ, ಗದ್ದೆಯ ಹಸಿರು ಬಳಿಯುತ್ತಲೇ ಇದ್ದೆ.

"ಗುಡ್ಡ ಎಲ್ಲೂ ಹೋಗಂಗಿಲ್ಲೋ ಮಗಾ, ಮೊದಲ ಎತ್ತ ತಗಿ."

"ಬಿಳಿ ಬಣ್ಣ ಹಚ್ಚೂದಿಲ್ಲಜ್ಜ, ಹಾಳಿ ಹಂಗ ಬಿಡಬೇಕು. ಕಣ್ಣು ಮೂಗು ಕಡೀಕ."

"ಭಾರೀ ಶಾಣ್ಯಾ ಅದಿ! ನಿನ್ನ ಕಡೀಕ ಬರೂದ್ರಾಗ ಟೆಂಪೋ ಬರತೈತಿ ನೋಡು."

ಟೆಂಪೋ ಬಂದೇಬಿಟ್ಟಿತು. ಎತ್ತು ಮೇವು ತಿನ್ನುತ್ತಿದ್ದ ಗೋದಲಿಯ ಮೇಲಿನ ಗೋಡೆಗೆ ಅಜ್ಜ ಕಣ್ಣಿಲ್ಲದ ಆ ಚಿತ್ರವನ್ನೇ ಅಂಟಿಸಿದ. ಆಗಾಗ ಕೇಳುತ್ತಿದ್ದ, "ಕಣ್ಣ ಯಾವಾಗ ಇಡತಿಯೋ?" ನಾಳೆ ಅನ್ನುತ್ತಿದ್ದೆ. ಅಜ್ಜ ತೀರಿಹೋಗುವವರೆಗೂ ನಾಳೆಯೇ ಅಂದೆ.

ಇವತ್ತು ಅದೇ ಚಿತ್ರ ಮತ್ತೆ ಬರೆಯಲು ಕೂತಾಗ ಗುಡ್ಡ, ಗದ್ದೆ ಸಲೀಸಾಗಿ ಬಂದವು. ಎತ್ತಿನ ಒಂದು ಕಣ್ಣಿನ ಸುತ್ತ ಕಪ್ಪು ಮಚ್ಚೆ ಇತ್ತು. ಎಡಗಣ್ಣೋ, ಬಲಗಣ್ಣೋ? ನೆನಪಾಗದೆ ಅಪ್ಪನಿಗೆ ಫೋನ್ ಮಾಡಿದೆ.

"ಅದು ನಿಮ್ಮಜ್ಜಗ ಗೊತ್ತಿತ್ತು ನೋಡಪಾ," ಅಂದ ಅಪ್ಪ.

ಕುಂಚ ತೊಳೆದಿಟ್ಟೆ. ಎತ್ತಿನ ಮುಖ ಈ ಸಲವೂ ಬರೀ ಹಾಳೆ.