ಪಕ್ಕದ ಮಣೆ

ಕುಂಬ್ಡಾಜೆಯ ತುಂಗಾ ಗಂಡನಿಗೆ ಕಿಡ್ನಿ ಕೊಟ್ಟವಳು ಅಂತ ಊರಿಗೆಲ್ಲ ಗೊತ್ತು. ಕೊಟ್ಟಾಗ ಎಲ್ಲರೂ ಅವಳನ್ನು ಮಹಾಸತಿ ಎಂದು ಹೊಗಳಿದರು. ಹೊಗಳುವವರ ಮೈಯಿಂದ ಏನೂ ಹೋಗುವುದಿಲ್ಲವಲ್ಲ. ಗಂಡ ವೆಂಕಟಕೃಷ್ಣ ಭಟ್ಟರು ದೇವಸ್ಥಾನದ ಅರ್ಚಕರು. ಅವರ ಅಣ್ಣ ಹರಿನಾಥ ಭಟ್ಟರದು ಗಟ್ಟಿಮುಟ್ಟಾದ ಜೀವ, ಒಂದು ದಿನ ಮಲಗಿದವರಲ್ಲ. ಆದರೆ ರಕ್ತಪರೀಕ್ಷೆಗೆ ಮಂಗಳೂರಿಗೆ ಹೊರಡಬೇಕಾದ ಬೆಳಿಗ್ಗೆಯೇ ಅವರಿಗೆ ಸೊಂಟ ಹಿಡಿದುಕೊಂಡಿತು. ಕೊನೆಗೆ ಹೊಂದಿಕೆಯಾದದ್ದು ತುಂಗಾಳದ್ದೇ.

ತುಂಗಾ ಬೆಳ್ಳೂರಿನ ಹುಡುಗಿ. ಮದುವೆಯಾಗಿ ಬಂದವಳು ಇಲ್ಲಿ ಅಂಗನವಾಡಿ ಟೀಚರಾಗಿದ್ದಳು. ಗಂಡನ ಆರೈಕೆಗೆಂದು ರಜೆ ಹಾಕಿ ಹಾಕಿ, ಕಡೆಗೆ ಆ ಕೆಲಸವನ್ನೂ ಬಿಟ್ಟಳು. ಆಪರೇಷನ್ ಆದ ಮೇಲೆ ಅವಳಿಗೆ ಬೇರೆ ಲೋಕವೇ ಇರಲಿಲ್ಲ. ಹೊತ್ತುಹೊತ್ತಿಗೆ ಮಾತ್ರೆ, ಕುದಿಸಿ ಆರಿಸಿದ ನೀರು, ಆಗಷ್ಟೇ ಬೇಯಿಸಿದ ಅನ್ನ. ಹಸಿಯಾದದ್ದು ಯಾವುದೂ ಬಾಯಿಗೆ ಹೋಗಬಾರದು, ಮೈಯಲ್ಲಿ ರೋಗ ತಡೆಯುವ ಶಕ್ತಿಯನ್ನೇ ಮಾತ್ರೆ ಕುಗ್ಗಿಸಿದೆ ಎಂದು ಡಾಕ್ಟರು ಹೇಳಿದ್ದರು. ದೇವಸ್ಥಾನದಿಂದ ಯಾರೋ ತೀರ್ಥ ತಂದುಕೊಟ್ಟಾಗ ಭಟ್ಟರು ಕೈಯೊಡ್ಡಿದ್ದರು. ಅವಳು "ಬೇಡ" ಅಂದಳು. ಜನ್ಮವಿಡೀ ಊರಿಗೆ ತೀರ್ಥ ಕೊಟ್ಟವನಿಗೆ ತೀರ್ಥವಿಲ್ಲವೇ ಎಂದು ಅವರು ರೇಗಿ ಲೋಟ ಎಸೆದರು. ಅವಳು ಲೋಟ ಹೆಕ್ಕಿ ತೊಳೆದಿಟ್ಟಳು. ಬರಬರುತ್ತಾ ಭಟ್ಟರಿಗೆ ಅದೇ ರೂಢಿಯಾಯಿತು, ಏನನ್ನೇ ಬಾಯಿಗಿಡುವ ಮೊದಲು ಹೆಂಡತಿಯ ಮುಖ ನೋಡುವುದು.

ಅವಳಿಗೆ ಗಂಡನ ಮೇಲೆ ಪ್ರೀತಿಯಿತ್ತು. ಅವರ ಮುಖದ ಬಾವು ಇಳಿದ ದಿನ ಬಚ್ಚಲಿನಲ್ಲಿ ಕೂತು ಅತ್ತಿದ್ದಳು. ಅವಳಿಗಿದ್ದ ಆಸೆ ಒಂದೇ. ಗುಣವಾದ ಮೇಲೆ ಮನೆಯಲ್ಲಿ ಒಂದು ಹೋಮ ಮಾಡಿಸಬೇಕು, ಧಾರೆ ಸೀರೆ ಉಟ್ಟು ಅವರ ಪಕ್ಕದ ಮಣೆಯಲ್ಲಿ ಕೂರಬೇಕು.

ವರ್ಷ ಕಳೆದು ಭಟ್ಟರು ಮತ್ತೆ ಪೂಜೆಗೆ ಹೋಗಬಹುದು ಎನ್ನುವಾಗ ಹರಿನಾಥ ಭಟ್ಟರಿಗೆ ಶಾಸ್ತ್ರ ನೆನಪಾಯಿತು. ದೈವಜ್ಞರನ್ನು ಕರೆಸಿ, ಕವಡೆ ಇಡಿಸಿ, ಇನ್ನೊಬ್ಬರ ಅಂಗವಿರುವ ಮೈಯಲ್ಲಿ ದೇವರನ್ನು ಮುಟ್ಟಬಹುದೇ ಎಂದು ಪ್ರಶ್ನೆ ನೋಡಿಸಿದರು. ಬಂದ ಉತ್ತರ ಬಹಳ ಚೆನ್ನಾಗಿತ್ತು. ಹೆಂಡತಿ ಅರ್ಧಾಂಗಿ, ಅವಳದ್ದೆಲ್ಲ ಗಂಡನದ್ದೇ, ಹಾಗಾಗಿ ಭಟ್ಟರ ಮೈಯಲ್ಲಿ ಹೊರಗಿನದು ಅಂತ ಏನೂ ಇಲ್ಲ. ಆಸ್ಪತ್ರೆಯ ಮೈಲಿಗೆಗೆ ಒಂದು ಹೋಮ ಮಾಡಿ ಪಂಚಗವ್ಯ ಕುಡಿದರೆ ಸಾಕು. ಆದರೆ ತುಂಗಾಳ ಮೈಯಲ್ಲಿ ಒಂದು ಅಂಗ ಕಡಿಮೆಯಾಗಿದೆ. ಅಂಗಹೀನೆ ಹೋಮಕ್ಕೆ ಕೂರುವ ಹಾಗಿಲ್ಲ, ಅವಳ ಬದಲಿಗೆ ಮಣೆಯಲ್ಲಿ ದರ್ಭೆ ಹುಲ್ಲು ಇಟ್ಟರಾಯಿತು.

ಹರಿನಾಥ ಭಟ್ಟರು ಇದನ್ನು ಜಗಲಿಯಲ್ಲಿ ಎಲ್ಲರೆದುರು ಹೇಳಿ, ಪಾಯಸ ಮಾತ್ರ ನಿನ್ನ ಕೈಯದ್ದೇ ಆಗಲಿ ಎಂದು ಅವಳಿಗೆ ದೊಡ್ಡ ಮನಸ್ಸು ತೋರಿಸಿದರು. ಅಂಗಹೀನೆಯ ಕೈಯ ಪಾಯಸಕ್ಕೆ ಮಾತ್ರ ಯಾವ ದೋಷವೂ ಇರಲಿಲ್ಲ. ತುಂಗಾ ಒಳಗೆ ಬಂದು ಗಂಡನನ್ನು ಕೇಳಿದಳು.

"ನೀವು ಎಂತ ಹೇಳ್ತೀರಿ?"

ಭಟ್ಟರು ಹೊದಿಕೆ ಮಡಚುತ್ತಾ ಇದ್ದರು. "ಶಾಸ್ತ್ರದಲ್ಲಿ ಉಂಟಂತೆ. ಒಂದು ದಿನದ್ದಲ್ವಾ, ಕೂತು ನಿನಗೆ ಎಂತ ಆಗ್ಬೇಕು?"

ಅವಳು ತೆಗೆದಿಟ್ಟಿದ್ದ ಧಾರೆ ಸೀರೆಯನ್ನು ತಿರುಗಿ ಪೆಟ್ಟಿಗೆಗೆ ಹಾಕಿದಳು.

ಹೋಮದ ದಿನ ಮನೆ ತುಂಬ ಜನ. ಭಟ್ಟರ ಪಕ್ಕದ ಮಣೆಯಲ್ಲಿ ದರ್ಭೆಯ ಕಟ್ಟು. ಯಾರೋ ಅದಕ್ಕೆ ಕುಂಕುಮವನ್ನೂ ಹಚ್ಚಿ ಹೂ ಮುಡಿಸಿದ್ದರು. ತುಂಗಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಪುರೋಹಿತರು ಪಂಚಗವ್ಯದ ಬಟ್ಟಲು ತಂದರು. ಹಸಿ ಹಾಲು, ಮೊಸರು, ತುಪ್ಪ, ಅದರ ಜೊತೆ ಹಟ್ಟಿಯಿಂದ ಆಗಷ್ಟೇ ತಂದ ಗಂಜಳ, ಸೆಗಣಿ. ಭಟ್ಟರು ಕೈಯೊಡ್ಡಿದವರು ರೂಢಿಯಂತೆ ತಲೆಯೆತ್ತಿ ಅವಳತ್ತ ನೋಡಿದರು, ನೋಡಿ ಒಂದು ಕ್ಷಣ ಕಾದರು.

ಅವಳು ಬೇಡ ಅನ್ನಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಹೂ ಮುಡಿದ ಹುಲ್ಲು ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿ, ತಳ ಹಿಡಿಯುತ್ತಿದ್ದ ಪಾಯಸ ತಿರುವಲು ಒಳಗೆ ಹೋದಳು. ಭಟ್ಟರು ಕುಡಿದರು.

ವಾರದೊಳಗೆ ಜ್ವರ ಬಂತು, ಭೇದಿ ಹಿಡಿಯಿತು. ಮಂಗಳೂರಿಗೆ ಒಯ್ಯುವ ಹೊತ್ತಿಗೆ ಮೈಯೆಲ್ಲ ನಂಜೇರಿತ್ತು, ಹೊಸ ಕಿಡ್ನಿ ಸೋಲುತ್ತಿತ್ತು. ಇನ್ನೊಂದು ಕೊಡಲು ಅವಳಲ್ಲಿ ಇರಲಿಲ್ಲ, ಕೊಡಬಲ್ಲ ಭಾವ ಹರಿನಾಥ ಭಟ್ಟರ ಕೈ ಆಗಲೇ ಸೊಂಟಕ್ಕೆ ಹೋಗಿತ್ತು. ಡಾಕ್ಟರು ಉಳಿದವರನ್ನೆಲ್ಲ ಬಿಟ್ಟು ತುಂಗಾಳನ್ನೇ ಕೇಳಿದರು, ಹಸಿಯಾದದ್ದು ಏನಾದರೂ ಹೊಟ್ಟೆಗೆ ಹೋಗಿದೆಯಾ, ನಿಮಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ ಎಂದು. ಮಂಚದ ಮೇಲಿಂದ ಭಟ್ಟರು ಅವಳ ಮುಖವನ್ನೇ ನೋಡುತ್ತಿದ್ದರು.

"ಇವರ ಅಣ್ಣನನ್ನು ಕೇಳಿ ಡಾಕ್ಟ್ರೇ," ಎಂದಳು ತುಂಗಾ. "ಆ ದಿನ ಪಕ್ಕದಲ್ಲಿ ಕೂತದ್ದು ನಾನಲ್ಲ."