ಟೈಪಿಂಗ್ ಮೇಡಂಗಾಗಿ ಬರೆದ ಕಮಾಂಡು

ಪ್ರತಿ ಸಾಲಿನ ಕೊನೆಗೆ ಅವರ ಎಡಗೈ ಕೀಬೋರ್ಡ್ ಬಿಟ್ಟು ಮೇಲೇಳುತ್ತಿತ್ತು. ಬೆರಳುಗಳನ್ನು ಒಟ್ಟುಮಾಡಿಕೊಂಡು ಮಾನಿಟರಿನ ಎಡಮೂಲೆಯವರೆಗೆ ಹೋಗಿ, ಅಲ್ಲಿ ಇಲ್ಲದ ಒಂದು ಹಿಡಿಯನ್ನು ಹುಡುಕಿ, ಪೆಚ್ಚಾಗಿ ವಾಪಸು ಬರುತ್ತಿತ್ತು. ಆಮೇಲೆ ಬಲಗೈಯ ಕಿರುಬೆರಳು ಎಂಟರ್ ಒತ್ತುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಟೈಪ್‌ರೈಟರಿನ ಹಿಡಿ ತಳ್ಳಿ ತಳ್ಳಿ ಪಳಗಿದ ಕೈ ಅದು. ಮಣಿಕಟ್ಟಿನ ಹತ್ತಿರ ನೋವಿಗೆಂದು ಸದಾ ಒಂದು ಕಂದು ಬಣ್ಣದ ಪಟ್ಟಿ ಸುತ್ತಿರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಚಿಕ್ಕಮಗಳೂರಿನ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದೆ. ಲಗ್ನಪತ್ರಿಕೆ, ಕರಪತ್ರ, ಸಂಘಗಳ ಸ್ಮರಣ ಸಂಚಿಕೆ ಇವೇ ನಮ್ಮ ಕೆಲಸ. ಎರಡು ಕಂಪ್ಯೂಟರುಗಳಿದ್ದವು. ಒಂದರಲ್ಲಿ ನಾನು ಪುಟ ಕಟ್ಟುತ್ತಿದ್ದೆ. ಇನ್ನೊಂದರಲ್ಲಿ ಕನ್ನಡ ಟೈಪ್ ಮಾಡಲು ಯಜಮಾನರು ಇವರನ್ನು ಕರೆತಂದರು. ಮೂಡಿಗೆರೆಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದವರು. ತಾಲ್ಲೂಕಿನ ಅರ್ಧ ಗುಮಾಸ್ತರು ಅವರ ಹತ್ತಿರ ಕಲಿತವರೇ. ಕಂಪ್ಯೂಟರ್ ಬಂದ ಮೇಲೆ ಕಲಿಯುವವರು ಬರಲಿಲ್ಲ, ಕ್ಲಾಸಿನ ಬಾಗಿಲು ಹಾಕಬೇಕಾಯಿತು. ಐವತ್ತು ದಾಟಿದ ಮೇಲೆ ದಿನಾ ಬೆಳಿಗ್ಗೆ ಬಸ್ಸು ಹತ್ತಿ ನಮ್ಮಲ್ಲಿಗೆ ಬರತೊಡಗಿದರು. ಬಂದವರೇ ಕುರ್ಚಿಯಲ್ಲಿ ಎರಡು ನಿಮಿಷ ಕಣ್ಣು ಮುಚ್ಚಿ ಕೂರುತ್ತಿದ್ದರು. ನಾವೆಲ್ಲರೂ ಅವರನ್ನು ಟೈಪಿಂಗ್ ಮೇಡಂ ಎನ್ನುತ್ತಿದ್ದೆವು.

ಅವರ ವೇಗಕ್ಕೆ ನಾನು ಬೆರಗಾಗಿದ್ದೆ. ತಪ್ಪೂ ಇರುತ್ತಿರಲಿಲ್ಲ. ತೊಂದರೆ ಆ ಎಂಟರಿನದು. ಟೈಪ್‌ರೈಟರಿನಲ್ಲಿ ಕಾಗದದ ಅಂಚು ಬಂದಾಗ ನಾವೇ ಹೊಸ ಸಾಲಿಗೆ ಹೋಗಬೇಕು, ಕಂಪ್ಯೂಟರಿನಲ್ಲಿ ಅದೇ ಹೋಗುತ್ತದೆ. ಇವರು ಪ್ರತಿ ಸಾಲಿಗೂ ಎಂಟರ್ ಒತ್ತಿದ್ದರಿಂದ, ಬರಹವನ್ನು ಪುಟದ ಕಿರಿದಾದ ಅಂಕಣಕ್ಕೆ ಸುರಿದ ಕೂಡಲೇ ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡವಾಗಿ ಚೂರುಚೂರಾಗುತ್ತಿತ್ತು. ನಾನು ಒಂದೊಂದೇ ಸಾಲಿನ ತುದಿಗೆ ಹೋಗಿ ಆ ಎಂಟರ್ ಅಳಿಸುತ್ತಾ ಕೂರಬೇಕಿತ್ತು.

"ಮೇಡಂ, ಸಾಲಿನ ಕೊನೇಲಿ ಎಂಟರ್ ಬೇಡ. ತಂತಾನೇ ಕೆಳಗೆ ಹೋಗುತ್ತೆ," ಎಂದೆ ಒಂದು ದಿನ.

"ಗೊತ್ತು ಮಾರಾಯ್ತಿ. ತಲೆಗೆ ಗೊತ್ತು. ಕೈಗೆ ಹೇಳೋರು ಯಾರು?"

ಯಜಮಾನರಿಗೂ ಇದು ಗೊತ್ತಾಯಿತು. "ಒಬ್ಬರು ಟೈಪ್ ಮಾಡೋದು, ಇನ್ನೊಬ್ಬರು ಅಳಿಸೋದು. ಹೀಗಾದ್ರೆ ನಂಗೆ ಇಬ್ಬರು ಎಂತಕ್ಕೆ?" ಎಂದು ನನ್ನ ಹತ್ತಿರ ಹೇಳಿದರು. ಮೇಡಂ ಪಕ್ಕದಲ್ಲೇ ಇದ್ದರು. ಆ ಮಧ್ಯಾಹ್ನ ಅವರು ಬುತ್ತಿಯ ಡಬ್ಬಿ ತೆರೆಯಲಿಲ್ಲ.

ನಾನು ಒಂದು ವರ್ಷ ಕಂಪ್ಯೂಟರ್ ಕೋರ್ಸ್ ಮಾಡಿದವಳು, ಅಷ್ಟಿಷ್ಟು ಪ್ರೋಗ್ರಾಂ ಬರೆಯಲು ಬರುತ್ತಿತ್ತು. ನಾವು ಟೈಪ್ ಮಾಡಲು ಬಳಸುತ್ತಿದ್ದ ಪುಟ್ಟ ಎಡಿಟರ್ ಸಾಫ್ಟ್‌ವೇರಿಗೆ ನಮ್ಮದೇ ಕಮಾಂಡು ಬರೆದು ಸೇರಿಸುವ ಅವಕಾಶವಿತ್ತು. ಊಟದ ಬಿಡುವಿನಲ್ಲಿ ಕೂತು ಕೂತು ಒಂದು ಕಮಾಂಡು ಬರೆದೆ. ಎರಡು ಕೀಲಿ ಒಟ್ಟಿಗೆ ಒತ್ತಿದರೆ ಕೆಳಗಿನ ಸಾಲು ಮೇಲಿನ ಸಾಲಿನ ಬಾಲಕ್ಕೆ ಬಂದು ಸೇರಬೇಕು, ಅಷ್ಟೇ. ಕೇಳುವುದಕ್ಕೆ ಎಷ್ಟು ಸುಲಭ! ಮೊದಲ ಸಲ ಒತ್ತಿದಾಗ ಎರಡು ಸಾಲಿನ ಪದಗಳು ಒಂದಕ್ಕೊಂದು ಅಂಟಿಕೊಂಡವು. ನಡುವೆ ಒಂದು ಖಾಲಿ ಜಾಗ ಬಿಡುವಂತೆ ಮಾಡಿದೆ. ಆಗ, ಮೇಡಂ ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಮುರಿದಿದ್ದ ಪದಗಳು ಮುರಿದಂತೆಯೇ ಉಳಿದವು. ಅಡ್ಡಗೆರೆ ಕಂಡರೆ ಅದನ್ನು ಅಳಿಸಿ ಪದವನ್ನು ಕೂಡಿಸುವಂತೆ ಮಾಡಿದೆ. ಮೇಡಂ ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಾಗಿದರು.

"ಇಲ್ನೋಡು. 'ತಂದೆ-ತಾಯಿ' ಇದ್ದದ್ದು 'ತಂದೆತಾಯಿ' ಆಗಿದೆ."

"ಅಡ್ಡಗೆರೆ ಇತ್ತಲ್ಲ ಮೇಡಂ, ಹೋಯ್ತು."

"ಆ ಗೆರೆ ನಾನು ಜಾಗ ಸಾಲದೆ ಹಾಕಿದ್ದಲ್ಲ, ಬರೆದೋರು ಹಾಕಿದ್ದು. ಅವರದ್ದನ್ನ ಅಳಿಸೋಕೆ ನಾವ್ಯಾರು?"

ಹೀಗೆ ವಾರಗಟ್ಟಲೆ ನಡೆಯಿತು. ಸಾಲಿನ ವಿಚಾರ ನನಗೆ ಕಲಿಸಿದವರು ಅವರೇ. ಪದ್ಯದ ಸಾಲನ್ನು ಸೇರಿಸಬಾರದು, ವಿಳಾಸವನ್ನು ಸೇರಿಸಬಾರದು, ಹೆಸರಿನ ಪಟ್ಟಿ ಮುಟ್ಟುವಾಗ ಎರಡು ಸಲ ನೋಡಬೇಕು. "ಸಾಲು ಮುಗಿಯೋದು ಬೇರೆ, ಜಾಗ ಮುಗಿಯೋದು ಬೇರೆ," ಎನ್ನುತ್ತಿದ್ದರು. ಕಮಾಂಡು ಒಂದು ಹದಕ್ಕೆ ಬಂದ ಮೇಲೆ ಮೇಡಂ ತಮ್ಮ ಪಾಡಿಗೆ ಎಂಟರ್ ಒತ್ತಿ ಟೈಪ್ ಮಾಡುವುದು, ಕೊನೆಗೆ ಮೊದಲಿನಿಂದ ಓದುತ್ತಾ ತಾವೇ ಕೀಲಿ ಒತ್ತಿ ಸಾಲು ಸೇರಿಸುವುದು ಅಂತಾಯಿತು. ಅದೇ ಅವರ ಪ್ರೂಫ್ ನೋಡುವ ಹೊತ್ತೂ ಆಯಿತು. ಯಜಮಾನರು ಸುಮ್ಮನಾದರು.

ನಾನು ಸುಮ್ಮನಾಗಲಿಲ್ಲ. ಇಡೀ ಬರಹವನ್ನು ಒಂದೇ ಏಟಿಗೆ ಸೇರಿಸುವ ಇನ್ನೊಂದು ಕಮಾಂಡು ಬರೆದೆ. ಖಾಲಿ ಸಾಲು ಸಿಗುವವರೆಗೆ, ಇಲ್ಲವೇ ಪೂರ್ಣವಿರಾಮದಲ್ಲಿ ಮುಗಿಯುವ ಗಿಡ್ಡ ಸಾಲು ಸಿಗುವವರೆಗೆ ಅದು ಸೇರಿಸುತ್ತಲೇ ಹೋಗುತ್ತಿತ್ತು. ತೋರಿಸಿದಾಗ ಮೇಡಂ ತಲೆ ಆಡಿಸಿದರು. "ಬೇಡ. ಕೈ ನೋವಾದ್ರೂ ಅಡ್ಡಿಲ್ಲ, ಒಂದೊಂದೇ ನೋಡಿ ಸೇರ್ಸುವ."

ಆ ವರ್ಷ ಒಂದು ಬೆಳೆಗಾರರ ಸಂಘದ ಸ್ಮರಣ ಸಂಚಿಕೆ ನಮಗೆ ಬಂತು. ಮೇಡಂ ಎಲ್ಲವನ್ನೂ ಟೈಪ್ ಮಾಡಿ, ಸಾಲು ಸೇರಿಸಿ, ಪ್ರೂಫ್ ತಿದ್ದಿ ಮುಗಿಸಿದ್ದರು. ಅಚ್ಚಿಗೆ ಹೋಗುವ ದಿನ ಸಂಜೆ ಅವರು ಮೂಡಿಗೆರೆ ಬಸ್ಸಿಗೆ ಹೊರಟ ಮೇಲೆ ಒಂದು ಜಾಹೀರಾತು ಬಂತು. ಅದಕ್ಕೆ ಜಾಗ ಮಾಡಲು ಒಂದು ಪುಟವನ್ನು ಹೊಸದಾಗಿ ಕಟ್ಟಬೇಕಾಯಿತು. ನಾನು ಗಡಿಬಿಡಿಯಲ್ಲಿ ಅವರ ತಿದ್ದಿದ ಪ್ರತಿಯ ಬದಲು ಮೊದಲು ಟೈಪ್ ಮಾಡಿದ ಪ್ರತಿಯನ್ನು ತೆಗೆದೆ. ಸಾಲುಗಳು ಚೂರುಚೂರಾಗಿ ಬಂದವು. ನನ್ನ ಹೊಸ ಕಮಾಂಡು ಓಡಿಸಿದೆ. ಒಂದೇ ಏಟಿಗೆ ಎಲ್ಲ ಸರಿಯಾದಂತೆ ಕಂಡಿತು. ಓದಿ ನೋಡದೆ ಅಚ್ಚಿಗೆ ಕಳಿಸಿದೆ.

ಸಂಚಿಕೆ ಬಿಡುಗಡೆಯಾದ ಮಾರನೆಯ ದಿನ ಒಬ್ಬ ಹೆಂಗಸು ಪ್ರೆಸ್ಸಿಗೆ ಬಂದಳು. ಸಂಘದ ಖಜಾಂಚಿಯವರ ಮಗಳು. ಜೋರು ಮಾಡಲಿಲ್ಲ. ಪುಸ್ತಕದ ಒಂದು ಪುಟ ತೆರೆದು ಯಜಮಾನರ ಮುಂದಿಟ್ಟಳು. ಮೇಲೆ 'ನಮ್ಮನ್ನು ಅಗಲಿದ ಸದಸ್ಯರು' ಎಂಬ ತಲೆಬರಹ. ಕೆಳಗೆ ತೀರಿಕೊಂಡವರ ಹೆಸರುಗಳು. ಅದರ ಕೊನೆಗೆ ಪೂರ್ಣವಿರಾಮ ಇರಲಿಲ್ಲ, ಖಾಲಿ ಸಾಲೂ ಇರಲಿಲ್ಲ. ಹಾಗಾಗಿ ಮುಂದಿನ 'ಈಗಿನ ಕಾರ್ಯಕಾರಿ ಸಮಿತಿ' ಎಂಬ ತಲೆಬರಹ ಹೆಸರುಗಳ ನಡುವೆ ಹೂತುಹೋಗಿ, ಅಧ್ಯಕ್ಷರಿಂದ ಖಜಾಂಚಿಯವರೆಗೆ ಬದುಕಿದ್ದವರೆಲ್ಲ ಸತ್ತವರ ಸಾಲಿಗೆ ಸೇರಿದ್ದರು.

"ಅಪ್ಪ ಆಸ್ಪತ್ರೇಲಿದಾರೆ," ಎಂದಳು. "ಬೆಳಿಗ್ಗೆ ಈ ಪುಸ್ತಕ ಕೇಳಿದ್ರು. ಇನ್ನೂ ಬಂದಿಲ್ಲ ಅಂತ ಸುಳ್ಳು ಹೇಳಿ ಬಂದಿದೀನಿ. ನಾಳೆ ಕೇಳಿದ್ರೆ ಎಂತ ಹೇಳ್ಲಿ, ನೀವೇ ಹೇಳಿ."

ಯಜಮಾನರ ಮುಖ ಕಪ್ಪಿಟ್ಟಿತು. "ಪ್ರೂಫ್ ಯಾರು ನೋಡಿದ್ದು?"

ನಮ್ಮ ಮನೆಯಲ್ಲಿ ಅಪ್ಪನಿಗೆ ಕೆಲಸವಿರಲಿಲ್ಲ, ತಮ್ಮ ಕಾಲೇಜಿನಲ್ಲಿದ್ದ. ಬಾಯಿ ತೆರೆಯಬೇಕೋ ಬೇಡವೋ ಎಂದು ಇನ್ನೂ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಮೇಡಂ ಎದ್ದು ನಿಂತರು.

"ನಾನು ಸಾರ್. ತಪ್ಪು ನಂದೇ."

ಆ ವಾರದ ಕೊನೆಗೆ ಅವರ ಕೆಲಸ ಹೋಯಿತು. ಚೀಲ ಹೆಗಲಿಗೇರಿಸಿ, "ಬರ್ತೀನಿ ಆಯ್ತ," ಎಂದು ಹೊರಟರು. ನಾನು ಬಾಗಿಲವರೆಗೂ ಹೋಗಲಿಲ್ಲ. ಮುಖ ತೋರಿಸುವ ಧೈರ್ಯವಿರಲಿಲ್ಲ.

ತಿಂಗಳೊಂದು ಕಳೆದಿರಬೇಕು. ಆ ಸಂಘದ, ಕಳಸದ ಕಡೆಯ ಸದಸ್ಯರೊಬ್ಬರು ಬೇರೆ ಕೆಲಸಕ್ಕೆ ಪ್ರೆಸ್ಸಿಗೆ ಬಂದವರು, "ನಿಮ್ಮ ಮೇಡಂ ಮನೆಗೇ ಬಂದು ಚೀಟಿ ಅಂಟಿಸಿ ಹೋದ್ರಲ್ಲ, ಪಾಪ, ಬಿಸಿಲಲ್ಲಿ ನಡ್ಕೊಂಡು," ಎಂದರು. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಯಾರೂ ಕಳಿಸಿರಲಿಲ್ಲ.

ಆ ಭಾನುವಾರ ಮೂಡಿಗೆರೆಗೆ ಹೋದೆ. ಮುಚ್ಚಿದ ಕ್ಲಾಸಿನ ಹಿಂದಿನ ಕೋಣೆಯಲ್ಲಿ ಮೇಡಂ ತಮ್ಮ ಹಳೆಯ ಟೈಪ್‌ರೈಟರಿನಲ್ಲಿ ಚೀಟಿ ಟೈಪ್ ಮಾಡುತ್ತಿದ್ದರು. ಸಮಿತಿಯ ತಲೆಬರಹ, ಕೆಳಗೆ ಸರಿಯಾದ ಹೆಸರುಗಳು. ಸದಸ್ಯರ ವಿಳಾಸಗಳನ್ನು ಸಂಚಿಕೆಗೆ ಟೈಪ್ ಮಾಡಿದ್ದು ಅವರೇ ಆದ್ದರಿಂದ ಯಾರ ಮನೆ ಎಲ್ಲಿ ಎಂದು ಗೊತ್ತಿತ್ತು. ದಿನಕ್ಕೊಂದು ದಿಕ್ಕಿನ ಬಸ್ಸು ಹತ್ತಿ ಮನೆ ಮನೆಗೆ ಹೋಗಿ ಪುಟದ ಮೇಲೆ ಅಂಟಿಸಿ ಬರುತ್ತಿದ್ದರು. "ಬಂದ್ಯಾ? ಇವತ್ತು ಗೋಣಿಬೀಡಿನ ಕಡೆ. ಗೋಂದಿನ ಬಾಟ್ಲಿ ನೀನು ಹಿಡ್ಕೋ," ಎಂದರು.

ಕೊನೆಯ ಮನೆ ಖಜಾಂಚಿಯವರದು. ಆಸ್ಪತ್ರೆಯಿಂದ ಬಂದು ಜಗಲಿಯಲ್ಲಿ ಶಾಲು ಹೊದ್ದು ಕೂತಿದ್ದರು. ಸಣ್ಣಗಾಗಿದ್ದರು. ಮೇಡಂ ಚೀಟಿ ಅಂಟಿಸಿ, ಅಂಚನ್ನು ಬೆರಳಿನಿಂದ ತೀಡಿ, ಪುಸ್ತಕ ಅವರ ಕೈಗಿಟ್ಟರು. ಅವರು ಓದಿದರು.

"ಅಂತೂ ಬದುಕಿರೋರ ಜೊತೆ ಸೇರ್ಸಿದ್ರಿ."

"ತಪ್ಪಾಯ್ತು ಸಾರ್," ಎಂದರು ಮೇಡಂ. ದನಿ ಕುಗ್ಗಿತ್ತು.

"ಆಯ್ತು ಬಿಡಿಯಮ್ಮ. ಎಷ್ಟು ಸುಸ್ತಾಗಿದೀರಿ ನೀವು. ಮೊದ್ಲು ಕೂತ್ಕೊಂಡು ಕಾಫಿ ಕುಡೀರಿ," ಎಂದು ಮಗಳನ್ನು ಕರೆದರು. ಆಕೆ ನನಗೂ ಒಂದು ಲೋಟ ತಂದಳು.

ಬಸ್ಸಿಗೆ ಕಾಯುತ್ತಾ ಕಟ್ಟೆಯ ಮೇಲೆ ಕೂತಾಗ ಹೇಳಿದೆ. "ಮೇಡಂ, ಆ ಪುಟ ನಾನು..."

"ಗೊತ್ತು."

"ಹೇಗೆ?"

"ನಾನು ತಿದ್ದಿದ ಪ್ರೂಫ್ ಅವತ್ತು ನನ್ನ ಚೀಲದಲ್ಲೇ ಇತ್ತು. ಅದ್ರಲ್ಲಿ ಸರಿಯಾಗೇ ಇತ್ತಲ್ಲ."

"ತೋರಿಸ್ಬಹುದಿತ್ತಲ್ಲ ಮೇಡಂ!"

ಅವರು ಚಪ್ಪಲಿ ಬಿಟ್ಟು ಹಿಮ್ಮಡಿ ಉಜ್ಜಿಕೊಂಡರು. "ತೋರ್ಸಿ ಎಂತ ಮಾಡೋದು? ನಿಮ್ಮನೇಲಿ ದುಡಿಯೋಳು ನೀನೊಬ್ಳೇ. ನಂಗೆ ಹೆಂಗೂ ಈ ಬಸ್ಸು, ಈ ಕೈನೋವು ಎಲ್ಲ ಸಾಕಾಗಿತ್ತು." ಚಪ್ಪಲಿ ಮತ್ತೆ ಮೆಟ್ಟಿಕೊಂಡು ಅಂದರು: "ಆ ಕಮಾಂಡು ನೀನು ಬರೆದಿದ್ದು ಯಾರಿಗೋಸ್ಕರ? ನಂಗೋಸ್ಕರ ತಾನೆ?"

ನಾನು ಅತ್ತೆ. ಅವರು ರಸ್ತೆ ನೋಡುತ್ತಿದ್ದರು.

ಸೋಮವಾರ ಯಜಮಾನರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು, "ಆವಮ್ಮ ಹೋಗೋ ದಿನ ನನ್ನ ಹತ್ರ ಒಂದೇ ಒಂದು ಮಾತು ಕೇಳ್ಕೊಂಡ್ರು," ಎಂದರು. "'ಆ ಹುಡುಗಿ ಯಾವತ್ತಾದ್ರೂ ಬಂದು ಎಂತಾದ್ರೂ ಒಪ್ಕೊಂಡ್ರೆ ಅವಳನ್ನ ಕೆಲಸದಿಂದ ತೆಗೀಬೇಡಿ' ಅಂತ. ನಂಗೆ ಆಗ ಅರ್ಥವೇ ಆಗ್ಲಿಲ್ಲ. ಹೋಗು, ಕೂತ್ಕೊಂಡು ಕೆಲಸ ಮಾಡು."

ಅದೇ ದಿನ ಅವರು ಮೇಡಂಗೆ ಹೇಳಿಕಳಿಸಿದರು. ಮೇಡಂ ಬರಲಿಲ್ಲ. ಮೂಡಿಗೆರೆಯ ತಾಲ್ಲೂಕು ಕಚೇರಿಯ ಎದುರು ಒಂದು ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಟೈಪ್ ಮಾಡಿಕೊಡತೊಡಗಿದರು. ನಾನು ಆ ಕಮಾಂಡನ್ನು ಮತ್ತೆ ಬರೆದೆ. ಅನುಮಾನ ಬಂದಲ್ಲಿ ಅದು ನಿಂತು, 'ಸೇರಿಸಲೇ?' ಎಂದು ಕೇಳುವಂತೆ ಮಾಡಿದೆ. ಹೋಗಿ ಹೇಳಿದಾಗ ಅವರಿಗೆ ಸಂತೋಷವಾಯಿತು. "ಕೇಳ್ತದಾ? ಹಾಗಾದ್ರೆ ಅಡ್ಡಿಲ್ಲ."

ಕೆಲವು ವರ್ಷಗಳಲ್ಲಿ ಬಲಗೈಯೂ ಸೋತಿತು, ಮೇಜು ಎತ್ತಿದರು. ಆಮೇಲೆ ಕಾಯಿಲೆ ಹಿಡಿಯಿತು. ಕೊನೆಯ ಸಲ ನೋಡಲು ಹೋದಾಗ ಮಂಚದ ಮೇಲೆ ಗೋಡೆಗೆ ಒರಗಿದ್ದರು. ತಮ್ಮನಿಗೆ ಮೇಷ್ಟ್ರ ಕೆಲಸ ಸಿಕ್ಕಿದ್ದು ಹೇಳಿದೆ, ನನ್ನ ಮದುವೆ ಗೊತ್ತಾದದ್ದು ಹೇಳಿದೆ. ಇದೆಲ್ಲ ನಿಮ್ಮಿಂದ ಎಂದು ಹೇಳಬೇಕೆಂದೇ ಹೋಗಿದ್ದೆ. ಅವರು ಕಣ್ಣು ಮುಚ್ಚಿಕೊಂಡು, "ಒಳ್ಳೇದಾಯ್ತು. ಸ್ವಲ್ಪ ಮಲಗ್ತೀನಿ. ನೀನು ಹೊರಡು, ಬಸ್ ತಪ್ಪುತ್ತೆ," ಎಂದರು.

ನಾನು ಹೊರಟೆ. ಮುಂದಿನ ವಾರ ಬಂದು ಹೇಳಿದರಾಯಿತು ಎಂದುಕೊಂಡಿದ್ದೆ. ಶುಕ್ರವಾರ ಅವರು ತೀರಿಕೊಂಡ ಸುದ್ದಿ ಬಂತು.